ಇನ್ನೂರ ಹದಿನೇಳು ಮೊಳೆ

ಕಲ್ಲುಚೋಲೆ ಟೀ ಕಾರ್ಖಾನೆಯ ರೈಟರ್ ನಂಜುಂಡೇಶ ಕಾಫಿಗೆ ಸಕ್ಕರೆ ಹಾಕಿದರೆ ಏಳು ಸಲ ಕಲಕುತ್ತಾನೆ. ಆರಲ್ಲ, ಎಂಟೂ ಅಲ್ಲ. ಸಕ್ಕರೆ ಮೂರನೆಯ ಸುತ್ತಿಗೇ ಕರಗಿದ್ದರೂ ಉಳಿದ ನಾಲ್ಕು ಸುತ್ತು ತಪ್ಪಿದ್ದಲ್ಲ. ಏಳು ಮುಗಿದ ಮೇಲೂ ತಳದಲ್ಲಿ ಕೂತೇ ಇದ್ದರೆ ಅದು ಸಕ್ಕರೆಯ ಹಣೆಬರಹ. ಟೀ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸಂಬಳ ತಿಂದು ಮನೆಯಲ್ಲಿ ಕಾಫಿ ಕುಡಿಯುವುದು ಯಾಕೆ ಎಂದು ಕೇಳಬೇಡಿ. ಟೀ ಒಳಗೆ ಏನೇನು ಹೋಗುತ್ತದೆ ಎಂದು ಅವನಿಗೆ ಗೊತ್ತು.

ಅವನ ಬಾಳೆಲ್ಲ ಹೀಗೇ ಲೆಕ್ಕದ ಮೇಲೆ ನಡೆದದ್ದು. ಪಿಳ್ಳೆಯಾರ್ ಎನ್ನುವ ಗಣಪತಿಯ ಗುಡಿಗೆ ಹನ್ನೊಂದು ಸುತ್ತು. ಮನೆ ಬಾಗಿಲಿಗೆ ನಾಲ್ಕು ಬಡಿತ. ಎರಡನೆಯ ಬಡಿತಕ್ಕೇ ಹೆಂಡತಿ ಪ್ರೇಮಲತಾ ಬಾಗಿಲು ತೆಗೆದರೆ ಮಿಕ್ಕ ಎರಡನ್ನು ಚೌಕಟ್ಟಿಗೆ ಬಡಿದು ಒಳಗೆ ಬರುತ್ತಾನೆ. ಗೋಡೆಗೆ ಮೊಳೆ ಹೊಡೆದರೆ ಆರೇ ಏಟು. ಆರರಲ್ಲಿ ಹೋದಷ್ಟು ಹೋಯಿತು, ಸುತ್ತಿಗೆ ಕೆಳಗೆ. ಹಾಗಾಗಿ ಆ ಮನೆಯ ಕ್ಯಾಲೆಂಡರುಗಳೆಲ್ಲ ಅರ್ಧ ಹೊರಗೆ ನಿಂತ ಮೊಳೆಗಳಲ್ಲಿ ಜೋಲಾಡುತ್ತ, ಕಿಟಕಿ ತೆರೆದರೆ ಸಾಕು ತಿಂಗಳು ಸಮೇತ ನೆಲಕ್ಕೆ ಬೀಳುತ್ತವೆ.

"ನಿಮ್ಮನ್ನ ಕಟ್ಕೊಂಡು ಮೂವತ್ತು ವರ್ಷ ಆಯ್ತು. ಒಂದ್ಸಲ ಆದ್ರೂ ಸಕ್ಕರೆ ಕರಗ್ತಾ ಅಂತ ರುಚಿ ನೋಡಿದ್ರಾ?" ಎಂದು ಪ್ರೇಮಲತಾ ಕೇಳುವುದುಂಟು.

"ಏಳು ಸಲ ಕಲಕಿದೀನಲ್ಲ. ರುಚಿ ಯಾಕೆ ನೋಡ್ಬೇಕು?" ಎನ್ನುತ್ತಾನೆ ಅವನು. ಈ ಮಾತಿಗೆ ಏನು ಹೇಳುತ್ತೀರಿ? ಪ್ರೇಮಲತಾ ತಳದಲ್ಲಿ ಉಳಿದ ಸಕ್ಕರೆ ಸಮೇತ ಲೋಟವನ್ನು ತೊಳೆಯಲು ಒಯ್ಯುತ್ತಾಳೆ.

ಅವನ ತಾತ ಗುಂಡ್ಲುಪೇಟೆ ಕಡೆಯಿಂದ ಹುರುಳಿ, ಅವರೆ ಮೂಟೆಗಳನ್ನು ಹೇರಿಕೊಂಡು ಗೂಡಲೂರಿಗೆ ಬಂದು ವ್ಯಾಪಾರಕ್ಕೆ ನಿಂತವನು. ಅಪ್ಪ ಆ ಅಂಗಡಿಯನ್ನು ಹಾಗೂ ಹೀಗೂ ತೂಗಿಸಿದ. ನಂಜುಂಡೇಶನಿಗೆ ಅಂಗಡಿ ಹಿಡಿಸಲಿಲ್ಲ. ಗಿರಾಕಿ ಯಾವಾಗ ಬರುತ್ತಾನೆ, ಎಷ್ಟು ಕೇಳುತ್ತಾನೆ ಒಂದೂ ಗೊತ್ತಿಲ್ಲದ ಕಸುಬು ಅದು. ಪಂದಲೂರು ರಸ್ತೆಯ ಕಲ್ಲುಚೋಲೆಯಲ್ಲಿ ಸಣ್ಣ ಬೆಳೆಗಾರರೆಲ್ಲ ಸೇರಿ ಟೀ ಕಾರ್ಖಾನೆ ಮಾಡಿಕೊಂಡಾಗ ಅಲ್ಲಿ ಟೀ ಸೊಪ್ಪಿನ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತಮಿಳು, ಮೀನಿನ ಅಂಗಡಿಯಲ್ಲಿ ಮಲಯಾಳ ಎಂದು ಮೂರು ಭಾಷೆಯನ್ನು ಮೂರು ಜೇಬಿನಲ್ಲಿಟ್ಟುಕೊಂಡು ಕೂದಲು ಬೆಳ್ಳಗೆ ಮಾಡಿಕೊಂಡ.

ಕಾರ್ಖಾನೆಯಲ್ಲಿ ಅವನ ಮುಖ್ಯ ಕೆಲಸ ಭಾನುವಾರದ ಸರದಿ ಕೂಗುವುದು. ಸೊಪ್ಪು ಏರುವ ಕಾಲದಲ್ಲಿ ಎಲ್ಲರೂ ಒಂದೇ ದಿನ ಕಿತ್ತು ತಂದರೆ ಕಾರ್ಖಾನೆ ತಡೆಯುವುದಿಲ್ಲ. ಕಿತ್ತ ಸೊಪ್ಪನ್ನು ಚೀಲದಲ್ಲಿ ಒಂದು ರಾತ್ರಿ ಬಿಟ್ಟರೆ ಒಳಗೇ ಬೆಂದು ಕೆಂಪಾಗುತ್ತದೆ. ಆದ್ದರಿಂದ ಯಾರ ಸೊಪ್ಪಿಗೆ ಲಾರಿ ಯಾವ ದಿನ ಬರುತ್ತದೆ ಎಂದು ಮೊದಲೇ ಹೇಳಬೇಕು. ಆ ಪಟ್ಟಿಯಲ್ಲಿ ಹೆಸರಿಲ್ಲದವರ ಸೊಪ್ಪನ್ನು ಲಾರಿ ಹತ್ತಿಸುವಂತಿಲ್ಲ, ಶೆಡ್ಡಿನಲ್ಲಿ ತೂಗುವಂತೆಯೂ ಇಲ್ಲ. ಇದು ಕಾರ್ಖಾನೆಯ ಕಾನೂನು.

ನಂಜುಂಡೇಶ ಹೆಸರು ಕೂಗುತ್ತಿದ್ದದ್ದು ಪುಸ್ತಕ ನೋಡಿ ಅಲ್ಲ, ಹಲಗೆ ನೋಡಿ. ಸೊಪ್ಪಿನ ಶೆಡ್ಡಿನ ಗೋಡೆಯಲ್ಲಿ ಹಲಸಿನ ಮರದ ದೊಡ್ಡ ಹಲಗೆ, ಅದರ ತುಂಬ ಮೊಳೆಗಳು, ಮೊಳೆಗೊಂದು ಹಿತ್ತಾಳೆಯ ಬಿಲ್ಲೆ. ಸದಸ್ಯನ ನಂಬರು ಬಿಲ್ಲೆಯ ಮೇಲೆ. ಇದಕ್ಕೊಂದು ಕಟ್ಟುಪಾಡಿತ್ತು: ಒಂದು ಮನೆಗೆ ಒಂದೇ ಮೊಳೆ. ಅಣ್ಣತಮ್ಮಂದಿರು ಬೇರೆಯಾದರೂ, ಸೊಸೆಯ ಹೆಸರಿಗೆ ಎಕರೆ ಬಂದು ಅವಳಿಗೆ ಬೇರೆ ಬಿಲ್ಲೆ ಕೊಟ್ಟರೂ, ಹೊಸ ಬಿಲ್ಲೆ ಹಳೆಯ ಮೊಳೆಯಲ್ಲೇ ಹಳೆಯದರ ಹಿಂದೆ ನೇತಾಡಬೇಕು. ಹೊಸ ಮೊಳೆ ಹೊಡೆದರೆ ಮನೆ ಒಡೆದಿದೆ ಎಂದು ಊರಿಗೆಲ್ಲ ಡಂಗುರ ಸಾರಿದಂತೆ. ಒಲೆ ಮೂರಾಗಲಿ, ಮಾತು ಬಿಟ್ಟಿರಲಿ, ಮೊಳೆ ಮಾತ್ರ ಒಂದೇ. ಮರ್ಯಾದೆ ಎಂದರೆ ಸುಮ್ಮನೆ ಆಯಿತೇ!

ಮೊಳೆಗಳು ಇನ್ನೂರ ಹದಿನೇಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಂಜುಂಡೇಶ ಹೇಳುತ್ತಿದ್ದ. ಭಾನುವಾರ ಬೆಳಿಗ್ಗೆ ಮೈಕು ಹಿಡಿದು ಮೊಳೆಯಿಂದ ಮೊಳೆಗೆ ಕೂಗಿಕೊಂಡು ಹೋಗಿ, ಇನ್ನೂರ ಹದಿನೇಳು ಮುಗಿದ ಮೇಲೆ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ, "ಇನ್ನು ಯಾರಾದ್ರೂ ಉಳಿದ್ರಾ?" ಎನ್ನುತ್ತಿದ್ದ. ಆಗ ಹಿಂದಿನ ಬಿಲ್ಲೆಯವರು, ಹೆಚ್ಚಿನವರು ಹೆಂಗಸರೇ, ಒಬ್ಬೊಬ್ಬರಾಗಿ ಮುಂದೆ ಬಂದು ದಿನ ಬರೆಸಿಕೊಳ್ಳುತ್ತಿದ್ದರು. ಈ ಪ್ರಶ್ನೆಯನ್ನು ತಾನು ಕೇಳುತ್ತೇನೆ ಎನ್ನುವುದೇ ನಂಜುಂಡೇಶನಿಗೆ ಗೊತ್ತಿರಲಿಲ್ಲ. ಅದು ಅವನ ಲೆಕ್ಕದಲ್ಲಿ ಕೆಲಸವಾಗಿರಲಿಲ್ಲ. ಕನ್ನಡಕ ಒರೆಸುವಾಗ ಬಾಯಿಂದ ಬರುವ ಮಾತು ಅಷ್ಟೇ.

ಹೀಗಿರುವಾಗ ಕಾರ್ಖಾನೆಗೆ ರೋಬೋ ಬಂತು.

ತಂದವರು ಕಾರ್ಯದರ್ಶಿ ಸುಧಾಕರನ್. ಕೂನೂರು ಕಡೆಯವರು, ಇಸ್ತ್ರಿ ಮುರಿಯದ ಅಂಗಿ, ಯಾವ ಸಭೆಗೆ ಹೋದರೂ ಒಂದು ಹೊಸ ಪದ ಕಲಿತು ಬರುವ ಮನುಷ್ಯ. ಆ ಸಲ ಕಲಿತು ಬಂದ ಪದ ಆಟೊಮೇಷನ್. ಸುದ್ದಿ ಹಬ್ಬಿ, ಸೊಪ್ಪು ಕೀಳುವುದನ್ನು ಬಿಟ್ಟು ಜನ ಕಾರ್ಖಾನೆಯ ಗೇಟಿಗೆ ಬಂದರು. ಕೈಕಾಲು ಇರುವ, ಕಣ್ಣಲ್ಲಿ ಕೆಂಪು ದೀಪ ಹತ್ತುವ ತಗಡಿನ ಆಳು ಇಳಿಯುತ್ತಾನೆ ಎಂದು ಕಾದರೆ, ಕೊಯಮತ್ತೂರಿನ ಬಸ್ಸಿನಿಂದ ಇಳಿದದ್ದು ಸಿಂಧುಜಾ ಎನ್ನುವ ಇಂಜಿನಿಯರಮ್ಮ, ಬೆನ್ನಿಗೊಂದು ಚೀಲ. ರೋಬೋ ಎಲ್ಲಿ ಎಂದರೆ ಆಫೀಸಿನ ಹಳೇ ಕಂಪ್ಯೂಟರನ್ನೇ ತೋರಿಸಿದಳು. ರೋಬೋ ಎಂದರೆ ಒಂದು ಪ್ರೋಗ್ರಾಂ ಅಂತೆ. ಮನುಷ್ಯ ಕೀಲಿ ಒತ್ತುವ ಹಾಗೆ ಅದೇ ಒತ್ತುತ್ತದಂತೆ. ಪಟ್ಟಿಯ ಒಂದು ಸಾಲು ಓದುತ್ತದೆ, ಆ ಸದಸ್ಯನ ಫೋನಿಗೆ ಸರದಿಯ ದಿನ ಕಳಿಸುತ್ತದೆ, ಲಾರಿಯ ಪಟ್ಟಿಗೆ ಅವನ ಹೆಸರು ಏರಿಸುತ್ತದೆ, ಮುಂದಿನ ಸಾಲಿಗೆ ಹೋಗುತ್ತದೆ.

"ಇದಕ್ಕಾ ನಾನು ಹಟ್ಟೀಲಿ ಕೆಲ್ಸ ಬಿಟ್ ಬಂದದ್ದು?" ಎಂದು ಜನ ಬೈದುಕೊಂಡು ಹೋದರು.

ಸಿಂಧುಜಾ ನಂಜುಂಡೇಶನ ಪಕ್ಕ ಕುರ್ಚಿ ಎಳೆದುಕೊಂಡು ಎರಡು ದಿನ ಅವನ ಕೆಲಸವನ್ನೆಲ್ಲ ಕೇಳಿ ಬರೆದುಕೊಂಡಳು. ತಮಿಳಿನಲ್ಲೇ ಮಾತು. ಕೊನೆಗೆ ಕೇಳಿದಳು: "ಸಾರ್, ಇದನ್ನ ಎಷ್ಟು ಸಲ ಮಾಡಬೇಕು ಅಂತ ರೋಬೋಗೆ ಹೇಳಬೇಕು. ಒಂದು ನಂಬರ್ ಕೊಟ್ಟರೆ ಸರಿಯಾಗಿ ಅಷ್ಟೇ ಸಲ ಮಾಡಿ ನಿಲ್ಲುತ್ತೆ. ನಂಬರ್ ಬೇಡ ಅಂದರೆ, ಪಟ್ಟಿ ಮುಗಿಯೋವರೆಗೆ ಮಾಡು ಅಂತ ಹಾಕಬಹುದು. ಯಾವುದು ಹಾಕಲಿ?"

ಮೂವತ್ತೊಂದು ವರ್ಷದ ರೈಟರನ್ನು ಎದುರಿಗೆ ಕೂರಿಸಿಕೊಂಡು ಎಷ್ಟು ಜನ ಎಂದು ಗೊತ್ತಿದೆಯೋ ಇಲ್ಲವೋ ಎನ್ನುವ ಹಾಗೆ ಕೇಳುವುದೇ! ನಂಜುಂಡೇಶನ ಕಿವಿ ಕೆಂಪಾಯಿತು. ಕಿಟಕಿಯಾಚೆ ಶೆಡ್ಡಿನ ಹಲಗೆ ಕಾಣುತ್ತಿತ್ತು.

"ಮುಗಿಯೋವರೆಗೆ ಅನ್ನೋದು ಲೆಕ್ಕ ಗೊತ್ತಿಲ್ಲದವರು ಆಡೋ ಮಾತಮ್ಮ," ಎಂದ. "ಹಾಕು, ಇನ್ನೂರ ಹದಿನೇಳು."

ರೋಬೋ ಓದುವ ಪಟ್ಟಿಗೆ ಮೂಲವಾದ ಸದಸ್ಯರ ಪುಸ್ತಕದಲ್ಲಿ ಇನ್ನೂರ ಮೂವತ್ತೊಂದು ಸಾಲು ಇದ್ದವು. ಹಿಂದಿನ ಬಿಲ್ಲೆಯವರು ಹದಿನಾಲ್ಕು ಮಂದಿ, ತಡವಾಗಿ ಸೇರಿದವರಾದ್ದರಿಂದ ಎಲ್ಲ ಕೊನೆಯಲ್ಲಿ. ಬರೆದವನೂ ಇದೇ ನಂಜುಂಡೇಶ. ಆದರೆ ಅವನ ತಲೆಯಲ್ಲಿ ಕಾರ್ಖಾನೆ ಎಂದರೆ ಹಲಗೆ, ಹಲಗೆ ಎಂದರೆ ಮೊಳೆ. ಸಿಂಧುಜಾ ಇನ್ನೂರ ಹದಿನೇಳು ಎಂದು ಒತ್ತಿದಳು. "ಆಮೇಲೆ ಏನಾದರೂ ಮಾಡ್ತೀರಾ ಸಾರ್?" ಎಂದೂ ಕೇಳಿದಳು, ಪುಣ್ಯಾತ್ಗಿತ್ತಿ. ನಂಜುಂಡೇಶ ಯೋಚನೆ ಮಾಡಿದ. "ಆಮೇಲೆ ಏನಿದೆ, ಕನ್ನಡಕ ಒರೆಸ್ತೀನಿ," ಎಂದ. ಇಬ್ಬರೂ ನಕ್ಕರು.

ಏಪ್ರಿಲ್ ನಡುವಿನ ವಿಷು ಹಬ್ಬ ಕಳೆದ ಮೊದಲ ಭಾನುವಾರ ರೋಬೋ ಕೆಲಸಕ್ಕೆ ನಿಂತಿತು. ಎರಡು ಗಂಟೆಯ ಕೂಗಾಟ ನಾಲ್ಕು ನಿಮಿಷದಲ್ಲಿ ಮುಗಿದು, ಪರದೆಯ ಮೇಲೆ ಹಸಿರು ಅಕ್ಷರ ಬಂತು: 217ಕ್ಕೆ 217, ನೂರಕ್ಕೆ ನೂರು. ಸುಧಾಕರನ್ ಅದರ ಫೋಟೊ ಹೊಡೆದು ಕಾರ್ಖಾನೆಗಳ ಒಕ್ಕೂಟಕ್ಕೆ ಕಳಿಸಿದರು. ಮುಂದಿನ ವಾರವೂ ನೂರಕ್ಕೆ ನೂರು. ಅದರ ಮುಂದಿನ ವಾರವೂ. ಇಂಥ ಮಗ ನಮ್ಮ ಮನೆಯಲ್ಲಿ ಹುಟ್ಟಲಿಲ್ಲವಲ್ಲ ಎಂದು ಆಫೀಸಿನವರೆಲ್ಲ ಕೊರಗುವಷ್ಟು ನೂರಕ್ಕೆ ನೂರು. ಸುಧಾಕರನ್ ಖುಷಿಯಲ್ಲಿ ನಂಜುಂಡೇಶನ ಬೆನ್ನು ತಟ್ಟಿ, "ರೈಟರೇ, ಜೂನ್ ಮೂವತ್ತಕ್ಕೆ ನಿಮ್ಮ ರಿಟೈರ್‌ಮೆಂಟ್ ಅಲ್ವಾ? ರೋಬೋ ನೋಡ್ಕೊಳ್ಳೋಕೆ ನಿಮ್ಮನ್ನೇ ಇನ್ನೆರಡು ವರ್ಷ ಇಟ್ಕೊಳ್ತೀವಿ. ಒಕ್ಕೂಟದವರು ಶೀಲ್ಡ್ ಕೊಡೋಕೆ ಬರ್ತಾರೆ, ಆವತ್ತೇ ಆರ್ಡರ್ ಕೈಗೆ," ಎಂದರು.

ನಂಜುಂಡೇಶ ಅಂದು ಹನ್ನೊಂದು ಸುತ್ತಿನ ಮೇಲೆ ಇನ್ನೊಂದು ಹನ್ನೊಂದು ಹಾಕಿ ಮನೆಗೆ ಹೋದ.

ಮೇ ತಿಂಗಳ ಮೊದಲ ವಾರ ಮಾಯಮ್ಮ ಬಂದಳು. ನೂರ ಹನ್ನೆರಡನೆಯ ಮೊಳೆಯ ಹಿಂದಿನ ಬಿಲ್ಲೆ ಅವಳದು. ಮುಂದಿನ ಬಿಲ್ಲೆ ಅವಳ ಭಾವ ಮಾದಪ್ಪನದು. ಗಂಡ ಸತ್ತ ಮೇಲೆ ಅವನ ಪಾಲಿನ ಎಕರೆಯನ್ನು ಏಳು ವರ್ಷದ ಹಿಂದೆ ಊರನ್ನೆಲ್ಲ ಕೂರಿಸಿ ಪಂಚಾಯಿತಿ ಮಾಡಿಸಿ, ಮಾದಪ್ಪನ ಕೈಯಿಂದ ಕಿತ್ತುಕೊಂಡ ಹಾಗೆ ಬಿಡಿಸಿಕೊಂಡಿದ್ದಳು. ಅಂದಿನಿಂದ ಭಾವನೊಂದಿಗೆ ಮಾತಿಲ್ಲ.

"ರೈಟ್ರಣ್ಣ, ಮೂರು ವಾರ ಆಯ್ತು, ನಂಗೆ ಮೆಸೇಜೇ ಬರ್ನಿಲ್ಲ. ಕಿತ್ತಿಟ್ಟ ಸೊಪ್ಪು ರಸ್ತೇಲೇ ಕೆಂಪಗಾಯ್ತು. ಲಾರಿ ಡ್ರೈವರ್ ಹರಿಹರನ್ನ ಕೇಳುದ್ರೆ, ಪಟ್ಟೀಲಿ ನಿನ್ ಹೆಸ್ರಿಲ್ಲ ಅಂತ ಲಾರಿ ಎತ್ಕೊಂಡು ಹೊಂಟೋದ."

ನಂಜುಂಡೇಶ ಕಂಪ್ಯೂಟರ್ ನೋಡಿದ. ನೂರಕ್ಕೆ ನೂರು. ನೂರರ ಹೊರಗೆ ಒಬ್ಬರು ಇರುವುದಾದರೂ ಹೇಗೆ? "ಫೋನ್ ಸರಿಯಿಲ್ಲ ಕಣಮ್ಮ. ನಿಮ್ಮ ಕಡೆ ಟವರು ಕೇರಳದ್ದು ಹಿಡಿಯತ್ತೆ. ಬಂಡೆ ಹತ್ತಿ ನೋಡು," ಎಂದ.

ಮಾಯಮ್ಮ ಎರಡು ಭಾನುವಾರ ಬಂಡೆಯ ಮೇಲೆ ಫೋನು ಎತ್ತಿ ಹಿಡಿದು ಕೂತಳು. ಕೇರಳಕ್ಕೆ ಸ್ವಾಗತ ಎಂಬ ಸಂದೇಶ ಬಂತು, ಬೇರೇನೂ ಬರಲಿಲ್ಲ. ಸಿಮ್ಮು ಬದಲಾಯಿಸು ಎಂದ, ಬದಲಾಯಿಸಿದಳು. ಫೋನೇ ಬದಲಾಯಿಸು ಎಂದ, ಎರಡು ಕೋಳಿ ಮಾರಿ ಅದನ್ನೂ ಮಾಡಿದಳು. ಅಯ್ಯೋ, ಆ ಹೆಂಗಸಿನ ತಾಳ್ಮೆಯೇ!

ಮಿಕ್ಕ ಹದಿಮೂರು ಮಂದಿ ಯಾಕೆ ಸುಮ್ಮನಿದ್ದರು ಎನ್ನುತ್ತೀರಾ? ಅವರ ಮನೆಗಳಲ್ಲಿ ಮಾವನದೋ ಮೈದುನನದೋ ಮುಂದಿನ ಬಿಲ್ಲೆ ಇತ್ತಲ್ಲ. ಸೊಪ್ಪು ಅವರ ಚೀಲಕ್ಕೆ ಬಿತ್ತು, ಅವರ ಹೆಸರಿನಲ್ಲಿ ತೂಗಿತು. "ಯಾರ್ ಹೆಸ್ರಲ್ಲಿ ಹೋದ್ರೇನು, ಮನೇ ಸೊಪ್ಪು ತಾನೆ?" ಎಂದು ಗಂಡಸರು ಮೀಸೆ ಒರೆಸಿಕೊಂಡರು. ಮಾದಪ್ಪನೂ ಬೇಲಿಯಾಚೆಯಿಂದ, ಯಾರಿಗೋ ಹೇಳುವವನಂತೆ, "ನನ್ ಚೀಲಕ್ಕೆ ಸುರಿಯಕ್ಕೇನಂತೆ ಅವುಳ್ಗೆ?" ಎಂದ. ಮಾಯಮ್ಮ ಸೊಪ್ಪನ್ನು ಹಸುವಿನ ಕೊಟ್ಟಿಗೆಯ ಹಿಂದೆ ಗೊಬ್ಬರದ ಗುಂಡಿಗೆ ಸುರಿದಳು, ಅವನ ಚೀಲಕ್ಕೆ ಸುರಿಯಲಿಲ್ಲ.

ಮೇ ಕೊನೆಗೆ ಅವಳ ಮನೆಗೆ ಕಾರ್ಖಾನೆಯಿಂದ ನೋಟೀಸು ಬಂತು. ಏಪ್ರಿಲ್ ಹದಿನೈದರಿಂದ ನೀವು ಸೊಪ್ಪು ಕೊಟ್ಟಿಲ್ಲ, ಅರವತ್ತು ದಿನ ಕೊಡದಿದ್ದರೆ ಸದಸ್ಯತ್ವ ಹೋಗುತ್ತದೆ, ಜೂನ್ ಹದಿನಾಲ್ಕು ಕೊನೆಯ ದಿನ. ಸೊಪ್ಪು ತೆಗೆದುಕೊಳ್ಳಲು ಅವಳ ಹೆಸರು ಸಿಕ್ಕದ ಆಫೀಸಿಗೆ ನೋಟೀಸು ಕಳಿಸಲು ಸಿಕ್ಕಿಬಿಟ್ಟಿತ್ತು. ಇಂಥ ನೋಟೀಸು ಹದಿನಾಲ್ಕು ಹೋದವು. ಸುಧಾಕರನ್ ಕೈಯಾರೆ ಟೈಪು ಮಾಡಿದ್ದರು. ಹದಿಮೂರು ಒಲೆಗೆ ಹೋದವು.

ಮಾಯಮ್ಮ ಮಾತ್ರ ಆ ಕಾಗದವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದು ನಂಜುಂಡೇಶನ ಮೇಜಿನ ಮೇಲೆ ಬಿಚ್ಚಿಟ್ಟಳು. ಈ ಸಲ ಕೂಗಾಡಲಿಲ್ಲ. "ರೈಟ್ರಣ್ಣ, ನನ್ ಹೆಸ್ರು ಅಂತ ಬರ್ದಿರೋದು ಈ ಪುಸ್ತಕದಲ್ಲೊಂದೇ ಕಣಣ್ಣ. ರೇಷನ್ ಕಾರ್ಡ್ನಲ್ಲೂ ನಾನು ಇಂಥೋನ್ ಹೆಂಡ್ತಿ. ಇದೂ ಹೋದ್ರೆ ನಾಳಿಕೆ ಆ ಎಕ್ರೆ ನಂದು ಅಂತ ಯಾವ್ ಬಾಯಲ್ಲಿ ಹೇಳ್ಲಿ?" ಎಂದಳು.

ಅವಳು ಹೋದ ಮೇಲೆ ಆ ಮಾತು ನಂಜುಂಡೇಶನ ಎದೆಯಲ್ಲಿ ಮುಳ್ಳಾಗಿ ಕೂತಿತು. ಮುಂದಿನ ಭಾನುವಾರ, ಜೂನ್ ಏಳು, ರೋಬೋ ಓಡುವಾಗ ಮೊದಲ ಸಲ ಅದರ ಮುಂದೆ ಪುಸ್ತಕ ಬಿಡಿಸಿಕೊಂಡು ಕೂತ. ಪರದೆಯಲ್ಲಿ ಒಂದೊಂದು ಹೆಸರು ಹೋದ ಹಾಗೂ ಬೆರಳು ಕೆಳಗಿಳಿಸಿದ. ನೂರು. ಇನ್ನೂರು. ಇನ್ನೂರ ಹದಿನೈದು, ಹದಿನಾರು, ಹದಿನೇಳು. ಹಸಿರು ಅಕ್ಷರ ಬಂತು: ನೂರಕ್ಕೆ ನೂರು. ಬೆರಳ ಕೆಳಗೆ ಇನ್ನೂ ಹದಿನಾಲ್ಕು ಸಾಲು. ಅದರಲ್ಲಿ ಏಳನೆಯದು, ತನ್ನದೇ ದುಂಡು ಅಕ್ಷರದಲ್ಲಿ, ಮಾಯಮ್ಮ.

ಅವನಿಗೆ ಬೆವರು ಬಂತು. ಹೊರಗೆ ಜೂನಿನ ಮಳೆ ಹೊಯ್ಯುತ್ತಿತ್ತು, ಆಫೀಸಿನವರೆಲ್ಲ ಸ್ವೆಟರಿನಲ್ಲಿದ್ದರು.

ಸಿಂಧುಜಾಗೆ ಫೋನು ಮಾಡಿದ. "ಸಾರ್, ಎರಡು ನಿಮಿಷದ ಕೆಲಸ ಅದು," ಎಂದಳು ಅವಳು. "ನಂಬರ್ ತೆಗೆದು ಮುಗಿಯೋವರೆಗೆ ಅಂತ ಹಾಕಿದರಾಯ್ತು. ಆದರೆ ಸೆಕ್ರೆಟರಿ ಸಾರ್ ಬರವಣಿಗೆಯಲ್ಲಿ ಕೇಳಬೇಕು. ಮೊದಲ ದಿನ ನಾನು ನಿಮ್ಮನ್ನ ಕೇಳಿದೆ, ನೆನಪಿದೆಯಾ?" ನೆನಪಿಲ್ಲದೆ ಏನು! ಅವತ್ತು ಕೆಂಪಾದ ಕಿವಿ ಈಗ ಉರಿಯುತ್ತಿತ್ತು.

ನಂಜುಂಡೇಶ ಹೋಗಿ ಹೇಳಿದ್ದನ್ನು ಸುಧಾಕರನ್ ಬಾಗಿಲು ಹಾಕಿಕೊಂಡು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ರೈಟರೇ, ಶೀಲ್ಡಿನ ಮೇಲೆ ನೂರಕ್ಕೆ ನೂರು ಅಂತ ಕೆತ್ತಿ ಆಗಿದೆ. ಹದಿನಾಲ್ಕನೇ ತಾರೀಕು ಫಂಕ್ಷನ್. ಅದು ಮುಗೀಲಿ, ಹದಿನೈದಕ್ಕೆ ಸರಿ ಮಾಡೋಣ."

"ಹದಿನಾಲ್ಕಕ್ಕೆ ಅವರ ಸದಸ್ಯತ್ವ ಹೋಗುತ್ತಲ್ಲ ಸಾರ್?"

"ಮತ್ತೆ ಅರ್ಜಿ ಹಾಕ್ಲಿ. ಯಾರ್ ಬೇಡ ಅಂದ್ರು? ಒಂದು ವರ್ಷದಲ್ಲಿ ಕಮಿಟಿ ನೋಡುತ್ತೆ. ಮನೇ ಗಂಡಸರ ಒಪ್ಪಿಗೆ ಪತ್ರ ಒಂದು ಬೇಕು, ಅಷ್ಟೇ." ಸುಧಾಕರನ್ ಮೇಜಿನ ಖಾನೆ ಎಳೆದು ಒಂದು ಕಾಗದ ತೋರಿಸಿದರು. ನಂಜುಂಡೇಶನ ಎರಡು ವರ್ಷದ ಆರ್ಡರು. ಸಹಿಯೊಂದು ಬಾಕಿ. ಖಾನೆ ಮತ್ತೆ ಒಳಗೆ ಹೋಯಿತು.

ಮಾದಪ್ಪನ ಒಪ್ಪಿಗೆ ಪತ್ರ! ಅದು ಸಿಕ್ಕುವ ಹೊತ್ತಿಗೆ ಮಾಯಮ್ಮನ ಟೀ ಗಿಡಗಳು ಮರವಾಗಿರುತ್ತವೆ.

ಆ ವಾರ ನಂಜುಂಡೇಶ ಲೆಕ್ಕ ತಪ್ಪಲಿಲ್ಲ. ಏಳು ಸಲ ಕಲಕಿದ, ನಾಲ್ಕು ಸಲ ಬಡಿದ, ಹನ್ನೊಂದು ಸುತ್ತು ಹಾಕಿದ. ಆದರೂ ಮಾಯಮ್ಮನ ಮಾತು ಬಿಟ್ಟುಹೋಗಲಿಲ್ಲ. ಗುರುವಾರ ಬೆಳಿಗ್ಗೆ ಪ್ರೇಮಲತಾಗೆ ಎಲ್ಲವನ್ನೂ ಹೇಳಿಬಿಟ್ಟ. ಅವಳು ಹಿಟ್ಟು ರುಬ್ಬುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಎರಡು ವರ್ಷದ ಸಂಬಳ ಅಂದ್ರೆ ನಂಗೂ ಬೇಕು," ಎಂದಳು. "ಸುಳ್ಳು ಯಾಕೆ ಹೇಳ್ಲಿ? ಆದ್ರೆ ಭಾನುವಾರದ ದಿನ ಸಾಮಾನು ತರೋಕೆ ಶೆಡ್ಡಿನ ಮುಂದೆ ಹೋಗೋವಾಗೆಲ್ಲ ನನ್ ಕಿವಿಗೆ ಒಂದು ಮಾತು ಬೀಳ್ತಿತ್ತು. ಎಲ್ಲಾ ಹೆಸ್ರು ಆದ್ಮೇಲೆ ನೀವು, ಇನ್ನು ಯಾರಾದ್ರೂ ಉಳಿದ್ರಾ ಅಂತ ಕೂಗ್ತಿದ್ರಲ್ಲ. ನಮ್ ಯಜಮಾನ್ರು ಮನುಷ್ಯ ಒಳ್ಳೇವ್ರು ಅಂತ ಅದೊಂದಕ್ಕೆ ಅನ್ಕೊಳ್ತಿದ್ದೆ. ಅದನ್ನ ಆ ರೋಬೋಗೆ ಹೇಳ್ಕೊಡ್ಲಿಲ್ವಾ?"

"ನಾನು ಹಾಗೆ ಕೇಳ್ತಿದ್ನಾ?" ಎಂದ ನಂಜುಂಡೇಶ. ಕೈಯಲ್ಲಿದ್ದ ಚಮಚ ಐದನೆಯ ಸುತ್ತಿಗೆ ನಿಂತುಹೋಯಿತು.

ಜೂನ್ ಹದಿನಾಲ್ಕರ ಫಂಕ್ಷನ್ನಿಗೆ ಶೆಡ್ಡಿನಲ್ಲೇ ಶಾಮಿಯಾನ. ಒಕ್ಕೂಟದ ಮೇಲಧಿಕಾರಿ ಬಂದರು. ಆನೆ ರಸ್ತೆಗೆ ಇಳಿದದ್ದರಿಂದ ಒಂದು ಗಂಟೆ ತಡ. ಬಂದವರಿಗೆಲ್ಲ ಟೀ, ಅದಕ್ಕೆ ಅದ್ದಿ ತಿನ್ನಲು ವರ್ಕಿ ಬಿಸ್ಕತ್ತು. ಸುಧಾಕರನ್ ಭಾಷಣದಲ್ಲಿ ಆಟೊಮೇಷನ್ ಎಂಬ ಪದ ಹತ್ತೊಂಬತ್ತು ಸಲ ಬಂತು. ನಂಜುಂಡೇಶ ಎಣಿಸಿದ. ಆಮೇಲೆ ಕಾರ್ಯಕ್ರಮದ ತಮಾಷೆಯ ಭಾಗ: ಮೊದಲು ಹಳೇ ಪದ್ಧತಿ ಹೇಗಿತ್ತೆಂದು ನಂಜುಂಡೇಶ ಹತ್ತು ಹೆಸರು ಕೂಗಿ ತೋರಿಸುವುದು, ಎಲ್ಲರೂ ನಗುವುದು, ಆಮೇಲೆ ಸಿಂಧುಜಾ ರೋಬೋ ಓಡಿಸುವುದು. "ಹತ್ತೇ. ಹನ್ನೊಂದು ಬೇಡ," ಎಂದು ಸುಧಾಕರನ್ ಚೀಟಿ ಕೊಟ್ಟಿದ್ದರು.

ನಂಜುಂಡೇಶ ಮೈಕು ಹಿಡಿದು ಹತ್ತು ಕೂಗಿದ. ಹಳೆಯ ದನಿ ಶೆಡ್ಡಿನ ತಗಡಿಗೆ ಬಡಿದು ಬಂತು. ಜನ ನಕ್ಕರು, ಚಪ್ಪಾಳೆಯಾಯಿತು. ಮೇಲಧಿಕಾರಿಯೂ ಮುಗುಳ್ನಕ್ಕರು. ಸುಧಾಕರನ್ ಮೈಕಿಗೆ ಕೈ ಚಾಚಿದರು.

ನಂಜುಂಡೇಶ ಮೈಕು ಕೊಡಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ. ಒರೆಸಿ, ಜೀವಮಾನದಲ್ಲಿ ಮೊದಲ ಸಲ ಗೊತ್ತಿದ್ದೂ ಗೊತ್ತಿದ್ದೂ ಕೇಳಿದ:

"ಇನ್ನು ಯಾರಾದ್ರೂ ಉಳಿದ್ರಾ?"

ಹಿಂದಿನ ಸಾಲಿನಲ್ಲಿ, ತೂಕದ ಯಂತ್ರದ ಹತ್ತಿರ, ಒದ್ದೆ ಚೀಲವೊಂದು ಮೇಲೆದ್ದಿತು. ಅದರ ಕೆಳಗೆ ಮಾಯಮ್ಮ. ಇವತ್ತು ಯಾರೂ ತೂಗುವುದಿಲ್ಲ ಎಂದು ಗೊತ್ತಿದ್ದರೂ ಬೆಳಿಗ್ಗೆ ಮಳೆಯಲ್ಲೇ ಕಿತ್ತು ತಂದಿದ್ದಳು.

"ನಾನ್ ಉಳ್ಕಂಡಿವ್ನಿ ಕಣ್ ರೈಟ್ರಣ್ಣ!" ಎಂದಳು.

ಅವಳ ಪಕ್ಕದಲ್ಲಿ, ಅವಳ ಹಾಗೇ ಹಿಂದಿನ ಬಿಲ್ಲೆಯವಳಾದ ಕಮಲಂ ಎದ್ದಳು. ಆಚೆ ಮೂಲೆಯಿಂದ ವಳ್ಳಿ. ಗಂಡ ಸೆರಗು ಹಿಡಿದು ಎಳೆದರೂ ಇನ್ನೊಬ್ಬಳು. ಎಷ್ಟು ಜನ ಎದ್ದರು ಎಂದು ನಂಜುಂಡೇಶ ಎಣಿಸಲಿಲ್ಲ. ಎದ್ದು ಮುಗಿಯುವವರೆಗೆ ಮೈಕು ಹಿಡಿದು ನಿಂತ.

"ಸಾರ್," ಎಂದ ಮೇಲಧಿಕಾರಿಯ ಕಡೆ ತಿರುಗಿ, ತಮಿಳಿನಲ್ಲಿ. "ರೋಬೋ ತಪ್ಪೇನಿಲ್ಲ. ಇನ್ನೂರ ಹದಿನೇಳು ಅಂದವನು ನಾನು. ಮೊಳೆ ಎಣಿಸಿದೆ, ಜನ ಎಣಿಸಲಿಲ್ಲ. ಇವರಿಗೆಲ್ಲ ಇವತ್ತು ಕೊನೇ ದಿನ. ನಾನೀಗ ತೂಗ್ತೀನಿ."

ಹೇಳಿದವನೇ ಕೆಳಗಿಳಿದು ಮಾಯಮ್ಮನ ತಲೆಯಿಂದ ಚೀಲ ಇಳಿಸಿಕೊಂಡ. ಹನ್ನೊಂದೂವರೆ ಕೆಜಿ. ಪಟ್ಟಿಯ ಕೊನೆಯಲ್ಲಿ ಕೈಯಿಂದ ಅವಳ ಹೆಸರು ಬರೆದು ತೂಕ ಹಾಕಿದ. ಮಿಕ್ಕವರು ಮನೆಗೆ ಓಡಿ ಸಿಕ್ಕಷ್ಟು ಕಿತ್ತು ತಂದರು. ವಳ್ಳಿ ತಂದದ್ದು ಒಂದು ಹಿಡಿ, ಅದನ್ನೂ ತೂಗಿದ. ಮೇಲಧಿಕಾರಿ ಸಿಂಧುಜಾಳನ್ನು ಕರೆದು ಕೇಳಿದರು. ಅವಳು ಪರದೆಯಲ್ಲಿ ಪಟ್ಟಿಯನ್ನು ಕೆಳಗೆ ಎಳೆದು ಹದಿನಾಲ್ಕು ಸಾಲು ತೋರಿಸಿದಳು. ಸುಧಾಕರನ್ ಅಂಗಿಯ ಇಸ್ತ್ರಿ ಆಗ ಮೊದಲ ಸಲ ಮುರಿಯಿತು.

ಶೀಲ್ಡ್ ವಾಪಸು ಹೋಯಿತು ಎಂದುಕೊಂಡಿರೇನು? ಕೆತ್ತಿದ ಶೀಲ್ಡನ್ನು ಯಾರು ವಾಪಸು ಒಯ್ಯುತ್ತಾರೆ! ಕೊಟ್ಟೇ ಹೋದರು. ಅದು ಈಗಲೂ ಆಫೀಸಿನಲ್ಲಿದೆ, ನೂರಕ್ಕೆ ನೂರು. ಸುಧಾಕರನ್ ಮುಂದಿನ ಸಭೆಯಲ್ಲಿ, ಬಿಟ್ಟುಹೋದ ಮಹಿಳೆಯರನ್ನು ತಂತ್ರಜ್ಞಾನದಿಂದ ಪತ್ತೆ ಮಾಡಿದ ಮೊದಲ ಕಾರ್ಖಾನೆ ನಮ್ಮದು ಎಂದು ಭಾಷಣ ಮಾಡಿದರು. ಸೊಪ್ಪು ತೂಗಿಸಿದವರ ಸದಸ್ಯತ್ವ ಉಳಿಯಿತು, ನಂಜುಂಡೇಶನ ಆರ್ಡರು ಖಾನೆಯಲ್ಲೇ ಉಳಿಯಿತು. ಸಿಂಧುಜಾ ಮಾರನೇ ದಿನವೇ ಸಂಖ್ಯೆ ಅಳಿಸಿ, ಪಟ್ಟಿ ಮುಗಿಯುವವರೆಗೆ ಎಂದು ಹಾಕಿದಳು. "ಇನ್ನೂರ ಮೂವತ್ತೊಂದು ಅಂತ ಹಾಕಮ್ಮ, ಸುಲಭ," ಎಂದು ಸುಧಾಕರನ್ ಹೇಳಿದ್ದರು. ನಂಜುಂಡೇಶ ಕೈ ಅಡ್ಡ ಹಿಡಿದ.

ಜೂನ್ ಮೂವತ್ತು, ಅವನ ಕೊನೆಯ ದಿನ. ಹಾರ ಹಾಕಿಸಿಕೊಂಡು, ಶಾಲು ಹೊದ್ದುಕೊಂಡು ಶೆಡ್ಡಿನಿಂದ ಹೊರಡುವಾಗ ಮಾಯಮ್ಮ ಎದುರು ನಿಂತಳು. ಒಂದು ಕೈಯಲ್ಲಿ ಅವಳ ಬಿಲ್ಲೆ, ಇನ್ನೊಂದರಲ್ಲಿ ಮೂರಿಂಚಿನ ಮೊಳೆ, ಸುತ್ತಿಗೆ.

"ಹೋಗೋದ್ರೊಳ್ಗೆ ಇದೊಂದು ಹೊಡ್ದು ಹೋಗಣ್ಣ."

ಸೊಪ್ಪು ತೂಗಿಸಲು ಬಂದಿದ್ದ ಮಾದಪ್ಪ ಅಲ್ಲೇ ಇದ್ದ. ಏಳು ವರ್ಷದ ಮೇಲೆ ಅವಳೊಂದಿಗೆ ಮಾತಾಡಿದ: "ಬ್ಯಾಡ ಮಾಯಿ. ಮೊಳೆ ಹೊಡುದ್ರೆ ಮನೆ ಒಡ್ದಂಗೆ."

"ಮನೆ ಒಡ್ದು ಏಳ್ ವರ್ಷ ಆಯ್ತು ಭಾವ," ಎಂದಳು ಮಾಯಮ್ಮ. "ಹಲ್ಗೇಗೆ ಈಗ ಗೊತ್ತಾಯ್ತಾ ಅದೆ, ಅಷ್ಟೆ."

ನಂಜುಂಡೇಶ ಹಲಗೆಯ ಕೊನೆಯಲ್ಲಿ ಜಾಗ ನೋಡಿ ಮೊಳೆ ಇಟ್ಟ. ಹಳೆಯ ಹಲಸು, ಗಟ್ಟಿ ಮರ. ಹೊಡೆದ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಸುತ್ತಿಗೆ ಇಳಿಸಿದ. ಮೊಳೆ ಅರ್ಧ ಹೊರಗೆ ನಿಂತು ಅಲ್ಲಾಡುತ್ತಿತ್ತು.

"ಯಾಕ್ ನಿಲ್ಸ್‌ಬುಟ್ಟೆ ರೈಟ್ರಣ್ಣ? ಇನ್ನೂ ಹೊರ್ಗೇ ಅದಲ್ಲ!"

"ಇನ್ನೆಷ್ಟು ಹೊಡೀಲಮ್ಮ?"

"ಎಷ್ಟು ಅಂದ್ರೆ? ಒಳಿಕ್ ಹೋಗೋಗಂಟ ಹೊಡಿ."

ನಂಜುಂಡೇಶ ಶಾಲು ತೆಗೆದು ಪಕ್ಕಕ್ಕಿಟ್ಟು ಮತ್ತೆ ಹೊಡೆಯತೊಡಗಿದ. ಏಳು ಎಂದ, ಎಂಟು ಎಂದ, ಆಮೇಲೆ ಎಣಿಸುವುದು ಮರೆತುಹೋಯಿತು. ಮೊಳೆ ಅಲ್ಲಾಡುವುದು ನಿಂತ ಮೇಲೆ ಬೆರಳಿನಿಂದ ಜಗ್ಗಿ ನೋಡಿದ. ಮಾಯಮ್ಮ ಮುಂದೆ ಬಂದು ತನ್ನ ಬಿಲ್ಲೆಯನ್ನು ಅದಕ್ಕೆ ತಗುಲಿಸಿದಳು.